ಹಳೆ ಗೇಮ್ ಗುಜರಿಗೆ ಯಾಕ ಹಾಕಬೇಕು?

ಅಟ್ಟದ ಸಾಮಾನು ಇಳಿಸಿದ ಮನಿಯಾಗೆಲ್ಲಾ ಒಂದ ಮಾತು ಕೇಳ್ಲಿಕತ್ತೇನಿ. "ಈ ಹಳೆ ವಿಡಿಯೋ ಗೇಮ್ ಹೊಸ ಟಿವಿಗೆ ಕೂಡೂದಿಲ್ಲ, ಗುಜರಿಗೆ ಹಾಕ್ರಿ." ಹೇಳಾವ್ರು ಯಾರು? ಹೊಸಾದು ಮಾರೋ ಅಂಗಡಿಯವ್ರು, ಇಲ್ಲಾಂದ್ರ ಹತ್ತು ನಿಮಿಷ ಕೂತು ನೋಡ್ಲಿಕ್ಕೆ ಬ್ಯಾಸರ ಇರೋ ನಮ್ಮ ಮಕ್ಕಳು. ಶುದ್ಧ ಸುಳ್ಳು ಇದು. ಗೇಮ್ ಕೆಟ್ಟಿಲ್ಲ, ಟಿವಿಯ ಬಾಗಲಾ ಬದಲಾಗೇದ ಅಷ್ಟ. ಬಾಗಲಾ ಬದಲಾತು ಅಂತ ಬೀಗರನ್ನ ಹೊರಗ ನಿಂದರಸ್ತೀವೇನು?

ನಾ ಹೇಳೋದು ಆ ಕ್ಯಾಸೆಟ್ ಹಾಕೋ ಗೇಮಿನ ಮಾತು. ಜಪಾನಿನ ನಿಂಟೆಂಡೊ ಕಂಪನಿ 1983ರಾಗ ತಂದ ಫ್ಯಾಮಿಕಾಂ ಅನ್ನೋ ಯಂತ್ರದ ನಕಲು ಅವು. ಮಾರಿಯೋ, ಕಾಂಟ್ರಾ ಎಲ್ಲಾ ಅದರಾಗಿಂದ. ಅದರ ಬೆನ್ನಿಗೆ ಹಳದಿ, ಬಿಳಿ ಪಿನ್ನಿನ ಜಾಗಾ ಇರ್ತದ, ಚಿತ್ರಕ್ಕ ಹಳದಿ, ಧ್ವನಿಗೆ ಬಿಳಿ. ಡಬ್ಬಾ ಟಿವಿಗೂ ಅವೇ ಇದ್ದವು. ಹೊಸ ಟಿವಿಯಾಗ ಕಾಣೋದು ಚಪ್ಪಟ ಎಚ್‌ಡಿಎಂಐ ಸಾಕೆಟ್ಟು.

ಆದ್ರ ಮದಲ ಟಿವಿ ಬೆನ್ನು ಸರಿಯಾಗಿ ನೋಡ್ರಿ. ಭಾಳ ಟಿವಿಗಳಾಗ ಇಯರ್‌ಫೋನ್ ಚುಚ್ಚೋ ಅಂಥಾ ಸಣ್ಣ ತೂತು ಇರ್ತದ, ಬಾಜೂಕ 'ಎವಿ ಇನ್' ಅಂತ ಬರದಿರ್ತದ. ಅದಕ್ಕ ಹಚ್ಚೋ ಗಿಡ್ಡ ವಾಯರು ಕೆಲವು ಟಿವಿ ಜೋಡಿನೇ ಬರ್ತದ, ನಾವು ಥರ್ಮೊಕೋಲ್ ಜೋಡಿ ಅಟ್ಟಕ್ಕ ಒಗದಿರ್ತೀವಿ. ಬ್ಯಾರೆ ಕಂಪನಿ ವಾಯರು ಕೂಡಬಹುದು, ಕೂಡದ ಇರಬಹುದು. ಹಚ್ಚಿದ ಮ್ಯಾಲೆ ರಿಮೋಟಿನಾಗ 'ಸೋರ್ಸ್' ಒತ್ತಿ ಎವಿ ಆರಿಸ್ರಿ.

ಆ ತೂತೂ ಇಲ್ಲಾ? ಹಂಗಿದ್ರ ಎವಿಯಿಂದ ಎಚ್‌ಡಿಎಂಐಗೆ ಬದಲಿಸೋ ಸಣ್ಣ ಡಬ್ಬಿ ಕೆಲವು ನೂರು ರೂಪಾಯಿಗೆ ಸಿಗ್ತದ. ಇಲ್ಲೇ ಅಂಗಡಿಯವ ಮೋಸಾ ಮಾಡೋದು, ಇಲ್ಲಾಂದ್ರ ತಾನೇ ತಿಳೀದ ಕೊಡೋದು. ಉಲ್ಟಾ ಕೆಲಸದ ಡಬ್ಬಿನೂ ನೋಡ್ಲಿಕ್ಕೆ ಹಂಗ ಇರ್ತದ. ಎವಿ ಮದಲ, ಎಚ್‌ಡಿಎಂಐ ಆಮ್ಯಾಲೆ ಅಂತ ಬರದದ್ದು ಓದಿ ತಗೋರಿ. ಅದಕ್ಕ ಮೊಬೈಲ್ ಚಾರ್ಜರಿನ 5 ವೋಲ್ಟ್ ಕರೆಂಟೂ ಬೇಕು. ಅದನ್ನ ಹಚ್ಚದ "ಚಿತ್ರ ಬರವಲ್ದು" ಅಂದ್ರ, ಒಲಿ ಹಚ್ಚದ ಅನ್ನ ಬೇಯವಲ್ದು ಅಂದಂಗ.

ಗೇಮಿನ ಅಡಾಪ್ಟರ್ ಮಾತ್ರ ಕಂಡದ್ದನ್ನ ಹಚ್ಚಬ್ಯಾಡ್ರಿ. ಮ್ಯಾಲೆ ಬರದಿರೋ ವೋಲ್ಟೂ, ಪ್ಲಸ್ ಮೈನಸ್ಸಿನ ಗುರ್ತೂ ತಾಳಿ ಆಗಬೇಕು, ಇಲ್ಲಾಂದ್ರ ಯಂತ್ರ ಸುಟ್ಟೀತು.

ಮಾರಿಯೋ ಡುಮ್ಮ ಕಂಡ್ರ ಚಿತ್ರದ ಅಳತಿ 4:3 ಮಾಡ್ರಿ. ಬಟನ್ ಒತ್ತಿದ ಮ್ಯಾಲೆ ತಡಾ ಮಾಡಿ ಹಾರಿದ್ರ 'ಗೇಮ್ ಮೋಡ್' ಚಾಲೂ ಮಾಡ್ರಿ. ಹೊಸ ಟಿವಿ ಚಿತ್ರ ತಗೊಂಡು, ತಿದ್ದಿ ತೀಡಿ, ಆಮ್ಯಾಲೆ ತೋರಸ್ತದ, ಅದಕ್ಕ ಈ ತಡ.

ಬಾತುಕೋಳಿ ಹೊಡಿಯೋ ಬಂದೂಕು ಮಾತ್ರ ಹೊಸ ಟಿವಿಯಾಗ ನಡಿಯೂದಿಲ್ಲ. ಕುದುರಿ ಒತ್ತಿದ ಕೂಡಲೆ ಪರದೆ ಕಪ್ಪಾಗಿ ಬಾತುಕೋಳಿ ಇದ್ದ ಜಾಗಾ ಬೆಳ್ಳಗ ಮಿಂಚ್ತದ, ಬಂದೂಕು ಆ ಬೆಳಕನ್ನ ನೋಡ್ತದ. ಡಬ್ಬಾ ಟಿವಿ ಅದನ್ನ ಆ ಕ್ಷಣಕ್ಕ ತೋರಸ್ತಿತ್ತು. "ಈ ಡಬ್ಬಿ ಹಚ್ಚಿದ್ರ ಬಂದೂಕೂ ನಡೀತದ" ಅಂದವನಿಗೆ ರೊಕ್ಕ ಕೊಡಬ್ಯಾಡ್ರಿ.

ಇನ್ನ, "ವೈನಿ, ಇದೆಲ್ಲಾ ಗಂಡಸರ ಕೆಲಸರೀ" ಅನ್ನಾವ್ರಿಗೆ ಒಂದು ಮಾತು. ಸಿಲಿಂಡರಿಗೆ ರೆಗ್ಯುಲೇಟರ್ ಹಚ್ಚಾವ್ರು ಯಾರು? ಕುಕ್ಕರಿನ ರಬ್ಬರ್ ಬದಲಸಾವ್ರು ಯಾರು? ಹಳದಿಗೆ ಹಳದಿ, ಬಿಳಿಗೆ ಬಿಳಿ ಚುಚ್ಚಲಿಕ್ಕೆ ಬೆಂಗಳೂರಿಂದ ಮಗಾ ಬರೋತನಕ ಕಾಯಬೇಕೇನು? "ಹುಡುಗೂರ ಆಟಾ" ಅಂತ ಮೂಗು ಮುರಿಯಾವ್ರೂ ಇದ್ದಾರ. ಸೂಟಿಯೊಳಗ ಹೆಣ್ಣುಮಕ್ಕಳೂ ಪಾಳಿ ಹಚ್ಚಿ ಆಡೇವ್ರೀ. ಈಗಿನ ಮೊಮ್ಮಕ್ಕಳು ಒಬ್ಬೊಬ್ರು ಒಂದೊಂದು ಮೂಲಿ ಹಿಡದು ಮೊಬೈಲಿನಾಗ ಮುಳಗ್ತಾವ. ಈ ಗೇಮಿಗೆ ಇಂಟರ್ನೆಟ್ ಬ್ಯಾಡ, ನಡುವ ಜಾಹೀರಾತಿಲ್ಲ, ರೊಕ್ಕ ಕೇಳೂದಿಲ್ಲ, ಇಬ್ಬರು ಒಂದ ಚಾಪಿ ಮ್ಯಾಲೆ ಕೂತು ಜಗಳಾಡಿ ಆಡ್ತಾರ. ಇದನ್ನ ಕಿಲೋ ಲೆಕ್ಕದಾಗ ಮಾರ್ತೀರೇನು?

ಮುಂದಿನ ಸಲ ಟಿವಿ ತಗೊಳ್ಳಿಕ್ಕೆ ಹೋದಾಗ ಪರದೆ ಹೊಳಪಿಗೆ ಮರುಳಾಗೋಕಿಂತ ಮದಲ "ಇದರ ಬೆನ್ನು ತೋರಸ್ರಿ, ಎವಿ ಎಲ್ಲೆದ?" ಅಂತ ಕೇಳ್ರಿ. ತೋರಸ್ಲಿಕ್ಕೆ ಬ್ಯಾಸರಾ ಮಾಡ್ಕೊಂಡ್ರ ಬಾಜೂ ಅಂಗಡಿಗೆ ನಡೀರಿ.