ನಾಯಿಮರಿಗಳಿಗೂ ಕನ್ನಡ ಬರಲಿ!

ಕನ್ನಡದ ತರುಣ ತರುಣಿಯರೇ,

ನಿಮ್ಮ ಅಕ್ಕನ ಮಗು ಸಂಜೆ ಟಿವಿ ಮುಂದೆ ಕೂತು ಕಣ್ಣರಳಿಸಿ ನೋಡುವ ಆ ನಾಯಿಮರಿಗಳನ್ನು ನೀವೂ ಒಮ್ಮೆ ಕೂತು ನೋಡಿ. ಹೆಸರು 'ಪಾ ಪಟ್ರೋಲ್'. ರೈಡರ್ ಎಂಬ ಹತ್ತು ವರ್ಷದ ಹುಡುಗ ಕರೆದರೆ ಸಾಕು, ಮರಿಗಳು ಬಾಲ ಅಲ್ಲಾಡಿಸುತ್ತ ಓಡಿಬರುತ್ತವೆ. ಮಾರ್ಷಲ್ ಬೆಂಕಿ ಆರಿಸುತ್ತಾನೆ. ಚೇಸ್ ಪೊಲೀಸು. ಸ್ಕೈ ಹೆಲಿಕಾಪ್ಟರ್ ಹಾರಿಸುತ್ತಾಳೆ. ಜೂಮಾ ನೀರಿಗಿಳಿಯುತ್ತಾನೆ. ರಾಕಿ ಹಳೇ ಸಾಮಾನಿನಲ್ಲೇ ಹೊಸದು ಮಾಡುತ್ತಾನೆ. ಊರಿನ ಮೇಯರಮ್ಮನ ಕೋಳಿಗೆ ಕಷ್ಟ ಬಂದರೂ ಇಡೀ ದಂಡು ಹೊರಡುತ್ತದೆ!

ಆಡುತ್ತ ಆಡುತ್ತಲೇ ಗೆಳೆಯರ ಕಷ್ಟಕ್ಕೆ ಹೆಗಲು ಕೊಡುವ ಮರಿಗಳು. ಇದರಲ್ಲಿ ತಪ್ಪೇನಿದೆ? ಏನೂ ಇಲ್ಲ. ನಮ್ಮ ತಕರಾರು ನಾಯಿಮರಿಗಳ ಮೇಲಲ್ಲ. ಅವು ನಮ್ಮ ಮಗುವಿನ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಿವೆ ಎಂಬುದರ ಮೇಲೆ! ಬೆಂಗಳೂರಿನ ಎಷ್ಟೋ ಕನ್ನಡದ ಮನೆಗಳಲ್ಲಿ ಈ ಮರಿಗಳು ಬೊಗಳುವುದು ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ. ಗೆಳೆತನ, ಧೈರ್ಯ, ಸಹಾಯ... ಇವನ್ನೆಲ್ಲ ನಮ್ಮ ಕೂಸು ಮೊದಲು ಕಲಿಯುವುದು ಪರಭಾಷೆಯ ಬಾಯಲ್ಲಿ.

ಈ ಮರಿಗಳು ಹುಟ್ಟಿದ್ದು 2013ರಲ್ಲಿ, ಕೆನಡಾದಲ್ಲಿ. ಹುಟ್ಟಿಸಿದ್ದು ಟೊರಾಂಟೊದ ಸ್ಪಿನ್ ಮಾಸ್ಟರ್ ಎಂಬ ಆಟಿಕೆ ಕಂಪನಿ. ಕಥೆ ಹೇಳುವವರೂ ಅವರೇ, ಗೊಂಬೆ ಮಾರುವವರೂ ಅವರೇ! ಮರಿಗೊಂದು ಗಾಡಿ, ಗಾಡಿಗೊಂದು ಬೆಲೆ.

ಅದೇ ಕೆನಡಾದಲ್ಲಿ ಕ್ವಿಬೆಕ್ ಎಂಬ ಪ್ರಾಂತ್ಯವಿದೆ. ಅಲ್ಲಿನ ಬಹುಪಾಲು ಜನರ ಮಾತು ಫ್ರೆಂಚ್, ಸುತ್ತಲೂ ಇಂಗ್ಲಿಷ್ ಸಮುದ್ರ. ಅವರು ಅಳುತ್ತ ಕೂರಲಿಲ್ಲ. 1977ರಲ್ಲಿ ಫ್ರೆಂಚ್ ಭಾಷಾ ಕಾನೂನು ತಂದರು. ಅದರಲ್ಲಿ ಆಟಿಕೆಗೂ ಒಂದು ಕಲಮು ಇದೆ, ಗಮನಿಸಿ! ಆಟಿಕೆ ಆಡಲು ಬೇರೆ ಭಾಷೆಯ ಮಾತು ಬೇಕಾಗುವುದಾದರೆ, ಅದರ ಫ್ರೆಂಚ್ ರೂಪವೂ ಅಷ್ಟೇ ಸಲೀಸಾಗಿ ಸಿಗಬೇಕು. ಇಲ್ಲವೇ ಮಾರುವಂತಿಲ್ಲ. 1980ರಿಂದ 13 ವರ್ಷದೊಳಗಿನ ಮಕ್ಕಳಿಗೆ ಗುರಿಯಿಟ್ಟ ಜಾಹೀರಾತಿಗೂ ಅಲ್ಲಿ ತಡೆ. ಇರ್ವಿನ್ ಟಾಯ್ ಎಂಬ ಆಟಿಕೆ ಕಂಪನಿ ಕೋರ್ಟಿಗೆ ಹೋಯಿತು. 1989ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಕಾನೂನನ್ನೇ ಎತ್ತಿಹಿಡಿಯಿತು. ಈಗ ಅದೇ ನಾಯಿಮರಿಗಳು ಅಲ್ಲಿನ ಮಕ್ಕಳ ಜೊತೆ ಫ್ರೆಂಚ್ ಮಾತಾಡುತ್ತವೆ. ಕಂಪನಿ ದಿವಾಳಿಯಾಯಿತೇ? ಇಲ್ಲ ಸ್ವಾಮಿ!

ನಮ್ಮ ಕಥೆ? ಹೇಳಿಕೊಳ್ಳಲು ನಾಚಿಕೆ. 1960ರ ದಶಕದಲ್ಲಿ ಡಬ್ಬಿಂಗ್‌ಗೆ ಬಾಗಿಲು ಹಾಕಿದೆವು. ಬಡ ಚಿತ್ರರಂಗ ಉಳಿಯಬೇಕಿತ್ತು, ಅಂದಿಗೆ ಅದು ಸರಿ. ಆದರೆ ಆ ಬೀಗದ ಕೈಯನ್ನು ದಶಕಗಟ್ಟಲೆ ಸೊಂಟದಲ್ಲೇ ಇಟ್ಟುಕೊಂಡೆವು. 2009ರಲ್ಲಿ ಚಿಂಟು ಟಿವಿ ಬರುವ ತನಕ ಕನ್ನಡದ ಮಕ್ಕಳಿಗೆ ತಮ್ಮದೇ ಭಾಷೆಯ ಒಂದು ಚಾನೆಲ್ಲೂ ಇರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ದಂಡ ಹಾಕಿ ಬುದ್ಧಿ ಹೇಳಬೇಕಾಯಿತು! ಅಷ್ಟರಲ್ಲಿ ಒಂದು ಪೀಳಿಗೆ ಹಿಂದಿ ಕಾರ್ಟೂನು ನೋಡುತ್ತಲೇ ಬೆಳೆದಿತ್ತು. ಆ ಪೀಳಿಗೆ ಬೇರೆ ಯಾರೂ ಅಲ್ಲ, ನೀವೇ!

2024ರಲ್ಲಿ ಕಾನೂನು ತಿದ್ದಿ ಅಂಗಡಿ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಎಂದೆವು. ಒಳ್ಳೆಯದೇ. ಬೋರ್ಡಿಗೆ 60, ಮಗುವಿನ ಕಿವಿಗೆ ಎಷ್ಟು? 1982ರಲ್ಲಿ ಗೋಕಾಕ್ ಚಳವಳಿ ಶಾಲೆಯಲ್ಲಿ ಕನ್ನಡಕ್ಕಾಗಿ ಬೀದಿಗಿಳಿಯಿತು. ಇಂದು ಶಾಲೆಗೂ ಮೊದಲೇ ಮಗು ಕೂರುವ ತರಗತಿ ಟಿವಿ, ಮೊಬೈಲು. ಅಲ್ಲಿ ಕನ್ನಡದ ಪರವಾಗಿ ನಿಲ್ಲುವವರು ಯಾರು?

ನೀವೇ ನಿಲ್ಲಬೇಕು. ಇಂದು ಸಂಜೆಯೇ ರಿಮೋಟ್ ಕೈಗೆ ತಗೊಳ್ಳಿ. ಕನ್ನಡದ ಧ್ವನಿ ಇದ್ದರೆ ಅದನ್ನೇ ಹಾಕಿ. ಇಲ್ಲವೇ? ಚಾನೆಲ್ಲಿಗೆ, ಕಂಪನಿಗೆ ಪತ್ರ ಬರೆಯಿರಿ, ಕನ್ನಡದಲ್ಲೇ! ಆಟಿಕೆ ಅಂಗಡಿಯಲ್ಲಿ "ಕನ್ನಡ ಮಾತಾಡೋ ಗೊಂಬೆ ಇದೆಯಾ?" ಎಂದು ಕೇಳಿ. ನೂರು ಸಲ ಇಲ್ಲ ಎಂದರೆ ನೂರೊಂದನೇ ಸಲ ಕೇಳಿ. ಅಲ್ಲಿಯ ತನಕ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಮರಿಗಳ ಕಥೆಯನ್ನು ನಿಮ್ಮ ಮಾತಿನಲ್ಲೇ ಹೇಳಿ.

ಕೋಳಿಗೆ ಕಷ್ಟ ಬಂದರೆ ಓಡುವ ಮರಿಗಳಿವೆ. ಕನ್ನಡಕ್ಕೆ ಕಷ್ಟ ಬಂದಿದೆ. ನೀವು ಓಡುವುದು ಯಾವಾಗ?