ಬೆಟ್ಟದ ಹೆಸರಿನ ಎಲ್ಲೆ

ಜರ್ಮನಿಯ ಮೋಸೆಲ್ ನದಿಯ ದಡದಲ್ಲಿರುವ ಬರ್ನ್‌ಕಾಸ್ಟೆಲ್ ಪಟ್ಟಣದ ಮನೆಗಳ ಬೆನ್ನಿಗೇ ಎದ್ದುನಿಂತ ದ್ರಾಕ್ಷಿ ತೋಟವೊಂದಕ್ಕೆ ‘ಡಾಕ್ಟರ್’ ಎಂದು ಹೆಸರು. ಹದಿನಾಲ್ಕನೆಯ ಶತಮಾನದಲ್ಲಿ ಟ್ರಿಯರ್‌ನ ಆರ್ಚ್‌ಬಿಷಪ್ ಬೋಮುಂಡ್ ಜ್ವರದಿಂದ ಮಲಗಿದ್ದಾಗ ಯಾವ ಮದ್ದೂ ನಾಟದೆ, ಇಲ್ಲಿಯ ವೈನ್ ಕುಡಿದು ಚೇತರಿಸಿಕೊಂಡರೆಂಬುದು ಐತಿಹ್ಯ. ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷ್ಯವಲ್ಲ ಅದು. ಆದರೂ ಹೆಸರು ಉಳಿಯಿತು, ಅದರೊಡನೆ ಬೆಲೆಯೂ ಏರಿತು.

ಬೆಲೆಗೆ ಕಾರಣ ಕಥೆಯೊಂದೇ ಅಲ್ಲ. ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 50 ಡಿಗ್ರಿ ದೂರದ ಈ ಚಳಿನಾಡಿನಲ್ಲಿ ದ್ರಾಕ್ಷಿ ಹಣ್ಣಾಗುವುದೇ ಕಷ್ಟ. ಡಾಕ್ಟರ್ ತೋಟವು ದಕ್ಷಿಣ–ನೈಋತ್ಯಕ್ಕೆ ಮುಖಮಾಡಿದೆ. ಇಳಿಜಾರು ಕಡಿದಾಗಿರುವುದರಿಂದ ಬಿಸಿಲು ಓರೆಯಾಗಿ ಜಾರದೆ ನೆಟ್ಟಗೆ ಬೀಳುತ್ತದೆ. ನೆಲವೆಲ್ಲ ಕಪ್ಪು ಸ್ಲೇಟು ಕಲ್ಲಿನ ಚೂರು: ಮಕ್ಕಳು ಬಲಪದಿಂದ ಬರೆಯುತ್ತಿದ್ದ ಅದೇ ಸ್ಲೇಟು, ಸುಮಾರು 40 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಶೇಖರವಾದ ಕೆಸರಿನಿಂದ ಹುಟ್ಟಿದ್ದು. ಹಗಲಿನ ಬಿಸಿಯನ್ನು ಹೀರಿಕೊಂಡು ರಾತ್ರಿ ಅದನ್ನು ಬಳ್ಳಿಗೆ ಹಿಂತಿರುಗಿಸುವುದು ಅದರ ಗುಣ. ಬಿರುಮಳೆಗೆ ಕೆಳಗೆ ಜಾರಿದ ಕಲ್ಲನ್ನು ಹೊತ್ತು ಮತ್ತೆ ಮೇಲೇರಿಸುವುದು ಇಲ್ಲಿನ ಬೆಳೆಗಾರರ ಹಳೆಯ ಕೆಲಸ. ಸಾಧಾರಣ ಟ್ರ್ಯಾಕ್ಟರು ಹತ್ತಲಾರದ ಜಾಗ. ಹೆಚ್ಚಿನ ದುಡಿಮೆ ಮನುಷ್ಯರ ಕೈಯದು. ರೀಸ್ಲಿಂಗ್ ತಳಿಯ ಹಣ್ಣು ಇಲ್ಲಿ ನಿಧಾನವಾಗಿ ಮಾಗುವುದರಿಂದ ಸಿಹಿಯೇರಿದರೂ ಹುಳಿ ಇಳಿಯುವುದಿಲ್ಲ. ವೈನ್ ಹಗುರ, ಆದರೆ ದಶಕಗಳವರೆಗೆ ಕೆಡದು.

ಇಂತಹ ನೆಲದ ಮೇಲೆ 1971ರಲ್ಲಿ ಹೊಸ ವೈನ್ ಕಾನೂನು ಬಂದಿತು. ಸಾವಿರಾರು ಸಣ್ಣ ತೋಟಗಳ ಹೆಸರುಗಳು ಗೊಂದಲವೆಂದು ಬಗೆದ ಶಾಸನವು, ಪ್ರತ್ಯೇಕ ಹೆಸರಿರಬೇಕಾದರೆ ತೋಟವು ಸಾಮಾನ್ಯವಾಗಿ 5 ಹೆಕ್ಟೇರಿಗೆ, ಅಂದರೆ ಸುಮಾರು ಹನ್ನೆರಡೂವರೆ ಎಕರೆಗೆ, ಕಡಿಮೆಯಿರಬಾರದೆಂದಿತು. ಅದಕ್ಕಿಂತ ಚಿಕ್ಕವು ನೆರೆಯ ತೋಟಗಳಲ್ಲಿ ಲೀನವಾದವು. ಡಾಕ್ಟರ್ ಅಷ್ಟು ದೊಡ್ಡದಾಗಿರಲಿಲ್ಲ. ಅದರ ಎಲ್ಲೆಯನ್ನು ಹಿಗ್ಗಿಸಿದರೆ ನೆರೆಯವರ ಬಳ್ಳಿಗೂ ಒಂದೇ ದಿನದಲ್ಲಿ ಆ ಹೆಸರು ದೊರೆಯುತ್ತಿತ್ತು. ಹಳೆಯ ಒಡೆಯರ ಪಾಲಿಗೆ ಅದು ಹೆಸರನ್ನೇ ತೆಳುವಾಗಿಸಿದಂತೆ. ವ್ಯಾಜ್ಯ ಹೂಡಲಾಯಿತು. ಹತ್ತು ವರ್ಷಕ್ಕೂ ಮಿಕ್ಕಿ ನಡೆದ ವಿವಾದವು 1984ರಲ್ಲಿ ಮುಗಿದು, ವಿಸ್ತೀರ್ಣವು ಸುಮಾರು 3.26 ಹೆಕ್ಟೇರಿಗೆ ನಿಂತಿತು.

ಡಾಕ್ಟರ್ ತೋಟಕ್ಕೆ ವ್ಯಾಜ್ಯ ನಡೆಸುವ ಶಕ್ತಿಯುಳ್ಳ ಒಡೆಯರಿದ್ದರು. ಬಡ ಬೆಳೆಗಾರನ ಅರ್ಧ ಎಕರೆಯ ಹೆಸರಿಗಾಗಿ ವಾದಿಸುವವರು ಯಾರು? ಅಜ್ಜಂದಿರು ಕಲ್ಲು ನೋಡಿ, ಬಿಸಿಲು ನೋಡಿ ಇಟ್ಟಿದ್ದ ಎಷ್ಟೋ ಹೆಸರುಗಳು ಸೀಸೆಯ ಚೀಟಿಯಿಂದ ಮರೆಯಾದವು.

ಇನ್ನೂ ವಿಚಿತ್ರವೆಂದರೆ, ಸಣ್ಣ ಹೆಸರನ್ನು ಅಳಿಸಿದ ಕಾನೂನೇ ದೊಡ್ಡ ಹೆಸರನ್ನು ಧಾರಾಳವಾಗಿ ಹಂಚಿತು. ‘ಬರ್ನ್‌ಕಾಸ್ಟೆಲರ್ ಕುರ್ಫ್ಯೂರ್ಸ್ಟ್‌ಲೈ’ ಎಂದು ಬರೆದ ಸೀಸೆಯೊಳಗಿನ ವೈನ್ ಬರ್ನ್‌ಕಾಸ್ಟೆಲ್‌ನದೇ ಆಗಿರಬೇಕಿಲ್ಲ. ಅದು ಹಲವು ಊರುಗಳ ತೋಟಗಳನ್ನು ಒಟ್ಟುಗೂಡಿಸಿದ ಹೆಸರು. ಓದಿದವನಿಗೆ ಮಾತ್ರ ಅದು ಒಂದು ತೋಟದಂತೆಯೇ ಕೇಳಿಸುವುದು. ಗೊಂದಲ ನಿವಾರಣೆಗೆಂದು ಹುಟ್ಟಿದ ಶಾಸನವು ಗಿರಾಕಿಯನ್ನು ಐವತ್ತು ವರ್ಷ ದಾರಿತಪ್ಪಿಸಿತೆಂದರೆ ಅತಿಶಯೋಕ್ತಿಯಾಗದು.

2021ರಲ್ಲಿ ಜರ್ಮನಿಯು ನಿಯಮಗಳನ್ನು ತಿದ್ದಿತು. 2026ರ ಸುಗ್ಗಿಯಿಂದ ಅಂತಹ ಒಟ್ಟು ಹೆಸರಿನ ಮುಂದೆ ಊರಿನ ಹೆಸರಿರಕೂಡದು. ‘ಪ್ರದೇಶ’ ಎಂಬರ್ಥದ ‘ರೆಗಿಯೋನ್’ ಎಂಬ ಪದವನ್ನೇ ಮುದ್ರಿಸಬೇಕು.