ಟಾಕೆಯ ನೀರು ಮತ್ತು ನನ್ನ ಹಳೆಯ ಸೀರೆ

ಮಕ್ಕಳೇ, ಮಳೆ ಹಿಡಿಯಿತೆಂದರೆ ನಿಮ್ಮ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಶನಿವಾರ ರಾತ್ರಿ ಬೆನ್ನಿಗೆ ಚೀಲ ಏರಿಸಿ ರಾಜಗಡ, ಹರಿಶ್ಚಂದ್ರಗಡ ಎಂದು ಹೊರಟೇಬಿಡುತ್ತೀರಿ. ಹೋಗಿರಿ, ಬೇಡವೆನ್ನಲಾರೆ. ನನ್ನ ಮಗನೂ ಹೋಗುವವನೇ. ಅವನಿಗೆ ನಾನೇ ಕಲಿಸಿದ ಒಂದು ತಪ್ಪು ಪಾಠವನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ನನ್ನ ತವರಿನಲ್ಲಿ ಕೆರೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಿದ್ದೆವು. ರಾಡಿಯಾಗಿದ್ದರೆ ಅಜ್ಜಿ ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದಳು. ಕೆಸರು ತಳಕ್ಕೆ ಕೂಡುತ್ತಿತ್ತು. ಅದೇ ನೆನಪಿನಲ್ಲಿ 2012ರ ಆಗಸ್ಟಿನಲ್ಲಿ ಮಗ ಕೋಟೆ ಹತ್ತಲು ಹೊರಟಾಗ ನನ್ನ ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ಕೊಟ್ಟು, "ನಾಲ್ಕು ಮಡಿಕೆ ಮಾಡಿ ಸೋಸಿ ಕುಡಿಯಪ್ಪಾ, ಏನೂ ಆಗೂದಿಲ್ಲ" ಎಂದಿದ್ದೆ. ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿ, ಮರಾಠಿಯವರು ಟಾಕೆ ಎನ್ನುತ್ತಾರಲ್ಲ, ಅದರ ನೀರನ್ನು ಹಾಗೆಯೇ ಸೋಸಿ ಕುಡಿದು ಬಂದ. "ನೀರು ಕನ್ನಡಿ ಹಾಂಗ ಇತ್ತಮ್ಮಾ" ಎಂದ. ನಾಲ್ಕು ವಾರ ಕಳೆದ ಮೇಲೆ ಕಣ್ಣು ಹಳದಿಯಾಯಿತು. ಹೆಪಟೈಟಿಸ್ ಎ. ಅವನು ದಾರಿಯಲ್ಲಿ ತಿಂದದ್ದೂ ಇತ್ತು, ಟಾಕೆಯ ನೀರೇ ಕಾರಣವೆಂದು ಡಾಕ್ಟರರು ಆಣೆಯಿಟ್ಟು ಹೇಳಲಿಲ್ಲ. ಆದರೆ ಆ ಕಾಮಾಲೆಯಲ್ಲಿ ಕಾಲೇಜಿಗೆ ಬಂದಿದ್ದ ಕಂಪನಿಗಳ ಸಂದರ್ಶನಗಳೆಲ್ಲ ತಪ್ಪಿದವು. ಮಗ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಸೀರೆ ಪೂರಾ ಸುಳ್ಳಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಮಡಚಿ ನೀರು ಸೋಸಿದಾಗ ಕಾಲರಾ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತೆಂದು ರೀಟಾ ಕೋಲ್ವೆಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಕಾಲರಾದ ಅಣುಜೀವಿ ನೀರಿನ ಸಣ್ಣ ಹುಳುಗಳಿಗೆ ಅಂಟಿಕೊಂಡಿರುತ್ತದೆ; ಬಟ್ಟೆ ಆ ಹುಳುಗಳನ್ನು ಹಿಡಿಯುತ್ತದೆ. ಕಾಮಾಲೆಯ ವೈರಸ್ಸಿಗೆ ಸೀರೆಯ ಎಳೆಗಳ ನಡುವಿನ ಸಂದು ಮಹಾದ್ವಾರವಿದ್ದಂತೆ. ಸ್ಫಟಿಕವಾಗಲಿ ಚಿಲ್ಲದ ಬೀಜವಾಗಲಿ ನೀರನ್ನು ತಿಳಿ ಮಾಡುತ್ತವೆ, ಅಷ್ಟೇ ಅವುಗಳ ಕೆಲಸ.

ಆದ್ದರಿಂದ ಸೋಸಿ, ಆಮೇಲೆ ಕುದಿಸಿ. ಬುಡದಲ್ಲಿ ಗುಳ್ಳೆ ಕಂಡರೆ ಸಾಲದು, ನೀರು ತಕತಕ ಕುದಿಯಬೇಕು. ಹಾಗೆ ಒಂದು ನಿಮಿಷ ಕುದಿದರೆ ಸಾಕು. ನಮ್ಮಂಥ ತಾಯಂದಿರು ಇಪ್ಪತ್ತು ನಿಮಿಷ ಕುದಿಸುವುದು ಗ್ಯಾಸಿಗೆ ದಂಡ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿಯೇ 1646 ಮೀಟರ್, ಅಲ್ಲಿಗೂ ಇದೇ ಲೆಕ್ಕ. ಹಿಮಾಲಯದಲ್ಲಿ 2000 ಮೀಟರ್ ದಾಟಿದಿರೋ, ಮೂರು ನಿಮಿಷ. ಮೇಲೇರಿದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಆರಿದ ನೀರು ಸಪ್ಪೆ ಎನಿಸಿದರೆ ಚಹಾ ಆರಿಸಿದಂತೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ನೋಡಿ.

ಒಲೆ ಹೊತ್ತೊಯ್ಯದವರಿಗೆ ಕ್ಲೋರಿನ್ ಗುಳಿಗೆಯಿದೆ. ಎಷ್ಟು ಲೀಟರಿಗೆ ಎಷ್ಟು, ಎಷ್ಟು ಹೊತ್ತು ಕಾಯಬೇಕು ಎಂದು ಪೊಟ್ಟಣದ ಮೇಲೇ ಇರುತ್ತದೆ, ಸಾಮಾನ್ಯವಾಗಿ ಅರ್ಧ ತಾಸು. ನೀವು ಅರ್ಧ ತಾಸು ಕಾಯುವ ಪೈಕಿಯೇ, ನನಗೆ ಗೊತ್ತಿಲ್ಲವೇ! ರಾಡಿ ನೀರಿಗೆ ಹಾಕಿದರೆ ಗುಳಿಗೆಯ ಶಕ್ತಿ ಕೆಸರಿಗೇ ಮುಗಿಯುತ್ತದೆ, ಮೊದಲು ಸೋಸಬೇಕು. ಕ್ರಿಪ್ಟೊಸ್ಪೊರಿಡಿಯಮ್ ಎಂಬ ಭೇದಿಯ ಜೀವಿಯಂತೂ ಕ್ಲೋರಿನ್ನಿಗೆ ಜಗ್ಗುವುದಿಲ್ಲ, ಕುದಿಸಿದರೆ ಸಾಯುತ್ತದೆ.

ಹಸಿರು ಕೆನೆಗಟ್ಟಿದ ಟಾಕೆಯನ್ನು, ಕಾರ್ಖಾನೆಯ ಕೆಳಗಿನ ಹೊಳೆಯನ್ನು ಬಿಟ್ಟುಬಿಡಿ. ಆ ವಿಷ ಕುದಿಸಿದರೂ ಹೋಗದು. ಯಾವ ಟಾಕೆ ಕುಡಿಯಲಿಕ್ಕೆ ಎಂದು ಕೆಳಗಿನ ಹಳ್ಳಿಯವರನ್ನು ಕೇಳಿ. ನಿಮ್ಮ ಮರಾಠಿ ನನ್ನದಕ್ಕಿಂತ ಚೆನ್ನಾಗಿದೆ. ಅದರಲ್ಲಿ ತಟ್ಟೆ ತೊಳೆಯಬೇಡಿ, ಹಿಂದೆ ಬರುವವರೂ ಅಲ್ಲೇ ಕುಡಿಯುವವರು.

ಮಗ ಈಗ ಪುಟ್ಟ ಒಲೆ, ಅಲ್ಯೂಮಿನಿಯಂ ಪಾತ್ರೆ ಎರಡನ್ನೂ ಒಯ್ಯುತ್ತಾನೆ. ಹೋದ ಮಳೆಗಾಲದಲ್ಲಿ ನನ್ನ ಸೀರೆಯ ತುಂಡನ್ನೂ ಒಯ್ದಿದ್ದ. ತಿರುಗಿ ಬಂದಾಗ ನೋಡಿದರೆ, ಬಿಸಿ ಪಾತ್ರೆ ಹಿಡಿದು ಹಿಡಿದು ಅದನ್ನು ಮಸಿಅರಿವೆ ಮಾಡಿಬಿಟ್ಟಿದ್ದ.